ಕಾರ್ಪೆಟ್ ಸ್ವಚ್ಛತೆಯ ದೃಷ್ಟಿಯಿಂದ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಹೋಲಿಸುವುದು ಹೇಗೆ?

ನಿಮ್ಮ ಪ್ರಶ್ನೆಯ ತಿರುಳು ನನಗೆ ಅರ್ಥವಾದ ಮಟ್ಟಿಗೆ ಇಷ್ಟು: ಮಲಗುವ ಕೋಣೆಯಲ್ಲಿ ದಪ್ಪನೆಯ, ಮೆತ್ತಗಿನ ಕಾರ್ಪೆಟ್ ಇದೆ, ಹಜಾರದಲ್ಲಿ ಗಿಡ್ಡ ಕುಣಿಕೆಗಳ ಕಾರ್ಪೆಟ್ ಇದೆ, ಮನೆಯಲ್ಲಿ ನಾಯಿಯೂ ಇದೆ. ನೀವು ನೋಡಿಟ್ಟಿರುವ ಮೂರು ಅಪ್‌ರೈಟ್ (ಹಿಡಿಕೆ, ಮೋಟಾರು, ಬ್ರಷ್ಷು ಎಲ್ಲ ಒಂದೇ ನೆಟ್ಟನೆಯ ದೇಹದಲ್ಲಿರುವ, ನಿಂತು ತಳ್ಳುವ) ಯಂತ್ರಗಳ ಪೈಕಿ ಒಂದರ ಪೆಟ್ಟಿಗೆಯ ಮೇಲೆ ವ್ಯಾಟ್, ಇನ್ನೊಂದರ ಮೇಲೆ ಪ್ಯಾಸ್ಕಲ್, ಮತ್ತೊಂದರ ಮೇಲೆ ಏರ್‌ವ್ಯಾಟ್ ಲೆಕ್ಕ ಬರೆದಿರುವುದರಿಂದ ಯಾವುದು ಉತ್ತಮವೆಂದು ತೀರ್ಮಾನಿಸಲು ಆಗುತ್ತಿಲ್ಲ. ಕಾರ್ಪೆಟ್ ಹಾಸಿದ ಕಟ್ಟಡಗಳ ನಿರ್ವಹಣೆಯೇ ನನ್ನ ಉದ್ಯೋಗವಾದ್ದರಿಂದ ಈ ಗೊಂದಲವನ್ನು ಚೆನ್ನಾಗಿ ಬಲ್ಲೆ. ಆ ಮೂರೂ ಸಂಖ್ಯೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂಬುದೇ ನನ್ನ ಮೊದಲ ಸಲಹೆ. ಕಾರ್ಪೆಟ್ ಸ್ವಚ್ಛವಾಗುವುದನ್ನು ಮುಖ್ಯವಾಗಿ ನಿರ್ಧರಿಸುವುದು ತಿರುಗುವ ಬ್ರಷ್ಷು, ಆ ಬ್ರಷ್ಷನ್ನು ಕಾರ್ಪೆಟ್ಟಿನ ಎತ್ತರಕ್ಕೆ ಹೊಂದಿಸುವ ವ್ಯವಸ್ಥೆ ಮತ್ತು ಯಂತ್ರದ ಬಾಯಿಯ ಮೂಲಕ ಹರಿಯುವ ಗಾಳಿಯ ಪ್ರಮಾಣ. ಹೋಲಿಕೆಯನ್ನೂ ಇದೇ ಅನುಕ್ರಮದಲ್ಲಿ ಮಾಡಬೇಕು.

ಕಾರ್ಪೆಟ್ಟಿನಲ್ಲಿ ಕೊಳೆ ಎಲ್ಲಿರುತ್ತದೆ ಎಂಬುದರಿಂದ ಆರಂಭಿಸುವುದು ಒಳ್ಳೆಯದು. ಕೂದಲು, ದಾರದ ಚೂರು, ತಿಂಡಿಯ ಪುಡಿ ಮೇಲ್ಭಾಗದಲ್ಲೇ ನಿಲ್ಲುತ್ತವೆ. ಸಾಧಾರಣ ಯಂತ್ರವೂ ಇವನ್ನು ಎತ್ತುತ್ತದೆ, ಎತ್ತಿದ ಮೇಲೆ ನೆಲ ಸ್ವಚ್ಛವಾದಂತೆಯೇ ಕಾಣುತ್ತದೆ. ಆದರೆ ಪಾದರಕ್ಷೆಗಳ ಜೊತೆ ಒಳಬರುವ ಸಣ್ಣ ಮರಳು ಭಾರವಾದ್ದರಿಂದ ಎಳೆಗಳ ನಡುವೆ ಇಳಿದು, ಎಳೆಗಳು ಬುಡದ ಬಟ್ಟೆಗೆ ಸೇರುವ ಜಾಗದಲ್ಲಿ ಕೂರುತ್ತದೆ. ಜನ ಅದರ ಮೇಲೆ ನಡೆದಾಗಲೆಲ್ಲ ಆ ಮರಳಿನ ಚೂಪು ಅಂಚುಗಳು ಎಳೆಗಳನ್ನು ಉಜ್ಜುತ್ತವೆ. ಓಡಾಟ ಹೆಚ್ಚಿರುವ ದಾರಿಯಲ್ಲಿ ಕಾರ್ಪೆಟ್ಟು ಮಾಸಲಾಗಿ ಕಾಣುವುದಕ್ಕೆ ಕೊಳೆಯಷ್ಟೇ ಈ ಸವೆತವೂ ಕಾರಣ. ಸವೆದ ಎಳೆಯನ್ನು ಯಾವ ಶಾಂಪೂ ಕೂಡ ಮೊದಲಿನಂತೆ ಮಾಡಲಾರದು. ಆದ್ದರಿಂದ ಒಂದು ಯಂತ್ರ ಕಾರ್ಪೆಟ್ಟಿಗೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಮೇಲಿನ ಕಸವನ್ನು ಎತ್ತುವುದರಿಂದ ಅಳೆಯಬಾರದು, ಬುಡದ ಮರಳನ್ನು ಎತ್ತುವುದರಿಂದ ಅಳೆಯಬೇಕು.

ಬುಡದ ಮರಳನ್ನು ಬರಿಯ ಹೀರುವಿಕೆಯಿಂದ ಮೇಲೆತ್ತುವುದು ಕಷ್ಟ. ಯಂತ್ರಗಳು ಬರುವ ಮುನ್ನ ಜನ ಗಂಬಳಿಯನ್ನು ಹೊರಗೆ ಹಗ್ಗದ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತಿದ್ದುದು ಇದೇ ಕಾರಣಕ್ಕೆ. 1908ರಲ್ಲಿ ಅಮೆರಿಕದ ಓಹಿಯೊದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಕಾವಲು–ಸ್ವಚ್ಛತಾ ಕೆಲಸಗಾರ ಪೇಟೆಂಟ್ ಪಡೆದ ಯಂತ್ರದಲ್ಲಿ ಫ್ಯಾನಿನ ಜೊತೆಗೆ ತಿರುಗುವ ಬ್ರಷ್ಷೂ ಇತ್ತು. ಆ ವಿನ್ಯಾಸವನ್ನು ಕೊಂಡ ಹೂವರ್ ಕಂಪನಿ 1926ರಲ್ಲಿ ಕಾರ್ಪೆಟ್ಟನ್ನು ಬಡಿಯುವ ದಂಡಗಳನ್ನೂ ಅದಕ್ಕೆ ಸೇರಿಸಿತು. ಇಂದಿನ ಅಪ್‌ರೈಟ್‌ನ ಮೂಲತತ್ತ್ವ ಅದೇ. ಬ್ರಷ್ಷು ಎಳೆಗಳನ್ನು ಬಿಡಿಸಿ ಅಲುಗಿಸುತ್ತದೆ, ಸಡಿಲಗೊಂಡ ಮರಳು ಮೇಲೆ ಚಿಮ್ಮುತ್ತದೆ, ಅದು ಮತ್ತೆ ಕೆಳಗಿಳಿಯುವುದರೊಳಗೆ ಗಾಳಿಯ ಹರಿವು ಅದನ್ನು ಹೊತ್ತೊಯ್ಯುತ್ತದೆ. ಬ್ರಷ್ಷಿಲ್ಲದ ಬಾಯಿಯ ಕ್ಯಾನಿಸ್ಟರ್ ಯಂತ್ರ (ಮೋಟಾರಿನ ಡಬ್ಬಿ ಬೇರೆಯಾಗಿ ಕೊಳವೆಯ ಹಿಂದೆ ಉರುಳಿ ಬರುವಂಥದು) ಎಷ್ಟೇ ಬಲವಾಗಿ ಹೀರಿದರೂ ದಪ್ಪ ಕಾರ್ಪೆಟ್ಟಿನ ಮೇಲೆ ಹಿಂದೆ ಬೀಳುವುದು ಈ ಕಾರಣದಿಂದಲೇ. ಪ್ರತ್ಯೇಕ ಮೋಟಾರಿನ ಬ್ರಷ್ಷುಳ್ಳ ಕ್ಯಾನಿಸ್ಟರ್‌ಗಳು ಈ ಮಾತಿಗೆ ಹೊರತು. ಅವು ಒಳ್ಳೆಯ ಅಪ್‌ರೈಟ್‌ಗಳಿಗೆ ಸಮನಾಗಿ ನಿಲ್ಲುತ್ತವೆ.

ಇನ್ನು ಪೆಟ್ಟಿಗೆಯ ಮೇಲಿನ ಸಂಖ್ಯೆಗಳು. ವ್ಯಾಟ್ ಎಂಬುದು ಯಂತ್ರ ಎಷ್ಟು ವಿದ್ಯುತ್ ಬಳಸುತ್ತದೆ ಎಂಬುದರ ಲೆಕ್ಕವೇ ಹೊರತು ಎಷ್ಟು ಕೊಳೆ ತೆಗೆಯುತ್ತದೆ ಎಂಬುದರ ಲೆಕ್ಕವಲ್ಲ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರ್‌ನಿಂದ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1600 ವ್ಯಾಟ್‌ಗಳ ಮಿತಿಯನ್ನೂ 2017ರ ಸೆಪ್ಟೆಂಬರ್‌ನಿಂದ 900 ವ್ಯಾಟ್‌ಗಳ ಮಿತಿಯನ್ನೂ ಹೇರಿತು; ಅದೇ ನಿಯಮದಲ್ಲಿ ಕಾರ್ಪೆಟ್ಟಿನಿಂದ ಎತ್ತಲೇಬೇಕಾದ ಕನಿಷ್ಠ ಧೂಳಿನ ಪ್ರಮಾಣವನ್ನು ಏರಿಸಿತು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಧೂಳು ಎತ್ತುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಪ್ಯಾಸ್ಕಲ್ ಲೆಕ್ಕ ಸಾಮಾನ್ಯವಾಗಿ ಯಂತ್ರದ ಬಾಯಿಯನ್ನು ಪೂರ್ತಿ ಮುಚ್ಚಿದಾಗ ಸಿಗುವ ಗರಿಷ್ಠ ಒತ್ತಡ ವ್ಯತ್ಯಾಸ. ಆ ಸ್ಥಿತಿಯಲ್ಲಿ ಗಾಳಿಯೇ ಹರಿಯುವುದಿಲ್ಲವಾದ್ದರಿಂದ ಒಂದು ಕಣವೂ ಚಲಿಸುವುದಿಲ್ಲ. ಒತ್ತಡವನ್ನು ಗಾಳಿಯ ಹರಿವಿನಿಂದ ಗುಣಿಸಿ ಪಡೆಯುವ ಏರ್‌ವ್ಯಾಟ್ ಇವೆರಡಕ್ಕಿಂತ ಪ್ರಾಮಾಣಿಕ ಅಳತೆ ಎನ್ನಬಹುದು, ಆದರೆ ಬ್ರಷ್ಷಿನ ಕೆಲಸ ಅದರಲ್ಲೂ ಸೇರಿಲ್ಲ. ಹಾಗಾಗಿ ಹೆಚ್ಚು ಏರ್‌ವ್ಯಾಟ್‌ನ ಯಂತ್ರ ಕಾರ್ಪೆಟ್ಟಿನ ಮೇಲೆ ಕಡಿಮೆ ಏರ್‌ವ್ಯಾಟ್‌ನ ಯಂತ್ರಕ್ಕೆ ಸೋಲುವುದು ಅಪರೂಪವೇನಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಬ್ರಷ್ಷಿನ ಎತ್ತರಕ್ಕೆ. ಬ್ರಷ್ಷು ತೀರಾ ಕೆಳಗಿದ್ದರೆ ಅದರ ಬಿರುಗೂದಲುಗಳು ಕಾರ್ಪೆಟ್ಟಿನಲ್ಲಿ ಹೂತು ಬಾಗುತ್ತವೆ, ಬ್ರಷ್ಷಿನ ವೇಗ ಇಳಿಯುತ್ತದೆ, ಅದನ್ನು ತಿರುಗಿಸುವ ಬೆಲ್ಟು ಬಿಸಿಯಾಗುತ್ತದೆ, ಯಂತ್ರದ ಬಾಯಿ ನೆಲಕ್ಕೆ ಅಂಟಿಕೊಂಡು ಗಾಳಿಯ ಹರಿವೇ ನಿಲ್ಲುವ ಹಂತಕ್ಕೆ ಬರುತ್ತದೆ. ತಳ್ಳುವವರ ತೋಳು ನೋಯುತ್ತದೆ, ಮರಳು ಅಲ್ಲೇ ಉಳಿಯುತ್ತದೆ. ತೀರಾ ಮೇಲಿದ್ದರೆ ಬ್ರಷ್ಷು ಎಳೆಗಳ ತುದಿಯನ್ನಷ್ಟೇ ಸವರಿಕೊಂಡು ಹೋಗುತ್ತದೆ, ಬುಡದ ಮರಳು ಅಲುಗುವುದೇ ಇಲ್ಲ. ಕೈಯಿಂದ ಎತ್ತರ ಹೊಂದಿಸುವ ಗುಂಡಿಯಿದ್ದರೆ ಅದನ್ನು ಮೊದಲು ಅತಿ ಎತ್ತರದ ಹಂತಕ್ಕೆ ತಿರುಗಿಸಿ ಯಂತ್ರವನ್ನು ಚಾಲೂ ಮಾಡಿ, ನಂತರ ಒಂದೊಂದೇ ಹಂತ ಇಳಿಸುತ್ತಾ ಬನ್ನಿ. ಸರಿಯಾದ ಹಂತಕ್ಕೆ ಬಂದಾಗ ಎರಡು ಬದಲಾವಣೆಗಳು ತಿಳಿಯುತ್ತವೆ: ಮೋಟಾರಿನ ಸದ್ದು ಸ್ವಲ್ಪ ಗಡಸಾಗುತ್ತದೆ, ಮತ್ತು ಯಂತ್ರ ತಾನಾಗಿಯೇ ಒಂದಿಷ್ಟು ಮುಂದಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕಿಂತ ಕೆಳಗಿಳಿಸಿದರೆ ಸದ್ದು ಇನ್ನಷ್ಟು ಭಾರವಾಗಿ ತಳ್ಳುವುದು ಕಷ್ಟವಾಗುತ್ತದೆ. ಆಗ ಒಂದು ಹಂತ ಮೇಲಕ್ಕೆ ಬಂದು ನಿಲ್ಲಿಸಬೇಕು.

ಕೆಲವು ಯಂತ್ರಗಳು ಎತ್ತರವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಜರ್ಮನಿಯ ಸೇಬೊ ಕಂಪನಿಯ ಆಟೊಮ್ಯಾಟಿಕ್ ಎಕ್ಸ್ ಸಾಲಿನ ಅಪ್‌ರೈಟ್‌ಗಳಲ್ಲಿ ಬ್ರಷ್ಷಿನ ಮೇಲೆ ಬೀಳುವ ಹೊರೆಯನ್ನು ಗ್ರಹಿಸಿ ತಲೆಯನ್ನು, ಅಂದರೆ ಬ್ರಷ್ಷಿರುವ ಕೆಳಭಾಗವನ್ನು, ಏರಿಳಿಸುವ ವ್ಯವಸ್ಥೆಯಿದೆ. ಬೇರೆ ಹಲವು ಯಂತ್ರಗಳ ‘ಸ್ವಯಂ ಹೊಂದಾಣಿಕೆ’ ಎಂದರೆ ತಲೆ ಸಡಿಲವಾಗಿ ತೇಲುತ್ತದೆ ಎಂಬಷ್ಟೇ ಅರ್ಥ. ಗಿಡ್ಡ ಕಾರ್ಪೆಟ್ಟಿಗೆ ಅದು ಸಾಕು, ಆದರೆ ನಿಮ್ಮ ಮಲಗುವ ಕೋಣೆಯದರಂತಹ ಮೆತ್ತಗಿನ, ಒತ್ತಾದ, ತೆಳು ಎಳೆಗಳ ಕಾರ್ಪೆಟ್ಟಿನ ಮೇಲೆ ಅಂತಹ ತಲೆ ಹೀರುವಿಕೆಯ ಬಲಕ್ಕೇ ಅಂಟಿಕೊಂಡು ಬಿಡುತ್ತದೆ. ಈ ಬಗೆಯ ಕಾರ್ಪೆಟ್ಟಿಗೆ ಹೀರುವಿಕೆ ಹೆಚ್ಚಾಗುವುದೇ ತೊಂದರೆ. ಹಿಡಿಕೆಯ ಬಳಿಯಾಗಲಿ ತಲೆಯ ಮೇಲಾಗಲಿ ಗಾಳಿಯನ್ನು ಸ್ವಲ್ಪ ಒಳಬಿಡುವ ಕಿಂಡಿಯಿದೆಯೇ, ಅಥವಾ ಹೀರುವಿಕೆಯನ್ನು ತಗ್ಗಿಸುವ ಗುಂಡಿಯಿದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಹಜಾರದ ಕುಣಿಕೆ ಕಾರ್ಪೆಟ್ಟಿನ ಬೇಡಿಕೆ ಇದಕ್ಕೆ ತದ್ವಿರುದ್ಧ. ಗಡಸು ಬಿರುಗೂದಲು ಕುಣಿಕೆಗಳನ್ನು ಕೀಳಬಹುದು ಅಥವಾ ಅವುಗಳ ಮೇಲ್ಮೈಯನ್ನು ಜೂಲುಜೂಲಾಗಿಸಬಹುದು. ಅಲ್ಲಿ ಬ್ರಷ್ಷನ್ನು ಎತ್ತರಿಸಿ ಅಥವಾ ಪೂರ್ತಿ ನಿಲ್ಲಿಸಿ ಹೀರುವಿಕೆಯಿಂದ ಮಾತ್ರ ಸ್ವಚ್ಛಗೊಳಿಸಬೇಕಾಗುತ್ತದೆ. ಆದ್ದರಿಂದ ನಿಮ್ಮ ಮನೆಗೆ ಬ್ರಷ್ಷನ್ನು ಪ್ರತ್ಯೇಕವಾಗಿ ನಿಲ್ಲಿಸುವ ಗುಂಡಿಯಿಲ್ಲದ ಯಂತ್ರವನ್ನು ನಾನು ಶಿಫಾರಸು ಮಾಡಲಾರೆ.

ಈಗ ಪರೀಕ್ಷೆಯ ವಿಚಾರ. ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಎಫ್608 ವಿಧಾನದಲ್ಲಿ 90 ಗ್ರಾಂ ಮರಳಿಗೆ 10 ಗ್ರಾಂ ಟಾಲ್ಕ್ ಬೆರೆಸಿ, ಅದನ್ನು ಬೇರೆ ಬೇರೆ ಬಗೆಯ ಕಾರ್ಪೆಟ್‌ಗಳೊಳಗೆ ಒತ್ತಿ ಕೂರಿಸಿ, ನಿಗದಿತ ರೀತಿಯಲ್ಲಿ ಯಂತ್ರವನ್ನು ಓಡಿಸಿ, ಯಂತ್ರ ಎಷ್ಟು ಕೊಳೆ ಎತ್ತಿತು ಎಂಬುದನ್ನು ತೂಗುತ್ತಾರೆ. ಯಾವುದೇ ವಿಮರ್ಶೆಯನ್ನು ಓದುವಾಗ ಕೊಳೆಯನ್ನು ಕಾರ್ಪೆಟ್ಟಿನೊಳಗೆ ಒತ್ತಿದ್ದರೇ ಅಥವಾ ಮೇಲೆ ಚೆಲ್ಲಿದ್ದರೇ ಎಂಬುದನ್ನು ಮೊದಲು ಹುಡುಕಿ. ಕಾಳು, ಅಕ್ಕಿ, ಬಣ್ಣದ ಪುಡಿಯನ್ನು ಮೇಲೆ ಚೆಲ್ಲಿ ಒಂದೇ ಸಲಕ್ಕೆ ಎತ್ತಿ ತೋರಿಸುವ ವಿಡಿಯೊಗಳಿಂದ ಬುಡದ ಸ್ವಚ್ಛತೆಯ ಬಗ್ಗೆ ಏನೂ ತಿಳಿಯುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ದರ್ಜೆ ಕೊಡುತ್ತಿದ್ದ ಯುರೋಪಿನ ಶಕ್ತಿ ಲೇಬಲ್ ಕೂಡ ಇಂತಹುದೇ ಒಂದು ಕೊರತೆಯಿಂದ ಬಿದ್ದುಹೋಯಿತು: ಡೈಸನ್ ಕಂಪನಿ ಹೂಡಿದ ದಾವೆಯಲ್ಲಿ, ಪರೀಕ್ಷೆ ಖಾಲಿ ಚೀಲದಿಂದ ನಡೆಯುತ್ತದೆ, ಅದು ನಿಜ ಬಳಕೆಗೆ ಹತ್ತಿರವಲ್ಲ ಎಂಬ ಕಾರಣಕ್ಕೆ ಒಕ್ಕೂಟದ ಜನರಲ್ ಕೋರ್ಟ್ 2018ರ ನವೆಂಬರ್‌ನಲ್ಲಿ ಆ ಲೇಬಲ್ ನಿಯಮವನ್ನು ರದ್ದುಪಡಿಸಿತು. ತುಂಬುತ್ತಾ ಹೋಗುವ ಚೀಲದೊಡನೆ ಯಂತ್ರದ ಶಕ್ತಿ ಕುಂದುತ್ತದೆ ಎಂಬುದು ನಮ್ಮಂಥವರ ನಿತ್ಯದ ಅನುಭವ.

ಮನೆಯಲ್ಲೇ ಹೋಲಿಸಬೇಕೆಂದರೆ ನಾನು ಹೊಸ ಯಂತ್ರಗಳನ್ನು ಆಯ್ಕೆ ಮಾಡುವಾಗ ಬಳಸುವ ಸರಳ ವಿಧಾನವೊಂದಿದೆ. ಒಂದೇ ಕೋಣೆಯಲ್ಲಿ, ಒಂದೇ ರೀತಿಯ ಓಡಾಟವಿರುವ ಎರಡು ಸಮಾನ ಪಟ್ಟಿಗಳನ್ನು ಗುರುತಿಸಿಕೊಳ್ಳಿ. ಮೊದಲ ಪಟ್ಟಿಯ ಮೇಲೆ ಒಂದು ಯಂತ್ರವನ್ನು ನಿಧಾನವಾಗಿ ಹಿಂದೆ ಮುಂದೆ ಎಣಿಸಿ ಓಡಿಸಿ, ಬಳಿಕ ಅದೇ ಜಾಗದಲ್ಲಿ ಡಬ್ಬಿ ಖಾಲಿ ಮಾಡಿದ ಇನ್ನೊಂದು ಯಂತ್ರವನ್ನು ಅಷ್ಟೇ ಸಲ ಓಡಿಸಿ. ಎರಡನೆಯ ಪಟ್ಟಿಯಲ್ಲಿ ಸರದಿಯನ್ನು ತಿರುವು ಮಾಡಿ. ಎರಡನೆಯದಾಗಿ ಓಡಿದ ಯಂತ್ರದ ಡಬ್ಬಿಯಲ್ಲಿ ಪ್ರತಿ ಸಲವೂ ಏನಾದರೂ ಇದ್ದೇ ಇರುತ್ತದೆ. ಅದು ಎಷ್ಟಿದೆ ಎಂಬುದಕ್ಕಿಂತ ಏನಿದೆ ಎಂಬುದು ಮುಖ್ಯ. ಡಬ್ಬಿಯಲ್ಲಿರುವುದನ್ನು ಬಿಳಿ ಕಾಗದದ ಮೇಲೆ ಸುರಿದು, ಚಿಟಿಕೆಯಷ್ಟನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ಹಗುರವಾದ, ಹತ್ತಿಯಂಥ ನಾರು ಮಾತ್ರ ಸಿಕ್ಕಿದರೆ ಅದು ಹೆಚ್ಚಾಗಿ ಕಾರ್ಪೆಟ್ಟೇ ಉದುರಿಸಿದ ಎಳೆ. ಮೊದಲ ಯಂತ್ರ ತನ್ನ ಕೆಲಸ ಮಾಡಿದೆ. ಬೆರಳಿಗೆ ಚರಚರ ಎನ್ನುವ ಮರಳು ಸಿಕ್ಕಿದರೆ, ಕಾಗದವನ್ನು ಓರೆ ಮಾಡಿದಾಗ ಆ ಕಣಗಳು ನಾರನ್ನು ಹಿಂದೆ ಬಿಟ್ಟು ಸದ್ದು ಮಾಡುತ್ತಾ ಕೆಳಗುರುಳಿದರೆ, ಮೊದಲ ಯಂತ್ರ ಬುಡವನ್ನು ಮುಟ್ಟಿಲ್ಲವೆಂದೇ ತಿಳಿಯಬೇಕು. ಅಡುಗೆ ಸೋಡಾ ಅಥವಾ ಹಿಟ್ಟು ಚೆಲ್ಲಿ ಪರೀಕ್ಷಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅಷ್ಟು ನುಣುಪಾದ ಹುಡಿ ಫಿಲ್ಟರನ್ನು ಕಟ್ಟಿಸಿ ಯಂತ್ರವನ್ನೇ ಕೆಡಿಸಬಹುದು.

ಚೀಲದ ಯಂತ್ರವೋ ಚೀಲವಿಲ್ಲದ್ದೋ ಎಂಬ ಚರ್ಚೆಗೆ ಸಿಗುತ್ತಿರುವಷ್ಟು ಮಹತ್ವ ಅದಕ್ಕೆ ಸಲ್ಲಬೇಕಿಲ್ಲ. ಸುಳಿಗಾಳಿಯ ತತ್ತ್ವದಿಂದ ಧೂಳನ್ನು ಬೇರ್ಪಡಿಸುವ ಯಂತ್ರಗಳು 1993ರಲ್ಲಿ ಡೈಸನ್ ಡಿಸಿ01 ಬಂದ ಮೇಲೆ ಮನೆಮಾತಾದವು. ಡಬ್ಬಿ ತುಂಬುತ್ತಾ ಹೋದರೂ ಅವುಗಳ ಹರಿವು ಬಹುಮಟ್ಟಿಗೆ ಉಳಿಯುತ್ತದೆ, ಆದರೆ ಫಿಲ್ಟರನ್ನು ತೊಳೆಯದಿದ್ದರೆ ಆ ಅನುಕೂಲ ಕಳೆದುಹೋಗುತ್ತದೆ. ಹಲವು ಪದರಗಳ ಸಿಂಥೆಟಿಕ್ ಬಟ್ಟೆಯ ಚೀಲ ಹಳೆಯ ಕಾಗದದ ಚೀಲಕ್ಕಿಂತ ಹೆಚ್ಚು ಕಾಲ ಗಾಳಿಯನ್ನು ಬಿಡುತ್ತದೆ, ಎಸೆಯುವಾಗ ಧೂಳೂ ಏಳುವುದಿಲ್ಲ. ಮನೆಯಲ್ಲಿ ಉಬ್ಬಸ ಅಥವಾ ಅಲರ್ಜಿ ಇರುವವರಿದ್ದರೆ ನಾನು ಚೀಲದ ಕಡೆಗೇ ಒಲಿಯುತ್ತೇನೆ. ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುತ್ತದೆ ಎಂಬುದು ಫಿಲ್ಟರಿನ ಗುಣ. ಯಂತ್ರದ ಕೀಲುಗಳ ಸುತ್ತ ರಬ್ಬರ್ ಬಿಗಿಯಾಗಿಲ್ಲದಿದ್ದರೆ ಗಾಳಿ ಆ ಫಿಲ್ಟರಿನ ಮೂಲಕ ಹಾಯದೆಯೇ ಹೊರಬೀಳುತ್ತದೆ.

ಗಾಳಿಯ ದಾರಿಯ ವಿಚಾರದಲ್ಲಿ ಇನ್ನೊಂದು ವ್ಯತ್ಯಾಸ ನಿಮಗೆ ಉಪಯೋಗವಾದೀತು. ಅಮೆರಿಕದ ಕರ್ಬಿ ಕಂಪನಿಯದಂತಹ ಯಂತ್ರಗಳಲ್ಲಿ ಕೊಳೆ ನೇರವಾಗಿ ಫ್ಯಾನಿನ ಮೂಲಕ ಹಾದು ಚೀಲ ಸೇರುತ್ತದೆ. ಬಾಯಿಗೂ ಫ್ಯಾನಿಗೂ ಅಂತರ ಕಡಿಮೆ ಇರುವುದರಿಂದ ಹರಿವು ಹೆಚ್ಚು, ಕಾರ್ಪೆಟ್ಟಿನ ಮೇಲೆ ಫಲಿತಾಂಶವೂ ಉತ್ತಮ. ಆದರೆ ಗಟ್ಟಿ ವಸ್ತು ಸಿಕ್ಕಿದರೆ ಫ್ಯಾನಿಗೆ ಏಟು ಬೀಳಬಹುದು, ಮತ್ತು ಉದ್ದನೆಯ ಕೊಳವೆ ಜೋಡಿಸಿದಾಗ ಹೀರುವ ಬಲ ಸಾಧಾರಣವೇ. ಮೊದಲು ಕೊಳೆಯನ್ನು ಬೇರ್ಪಡಿಸಿ ನಂತರ ಗಾಳಿಯನ್ನು ಮೋಟಾರಿಗೆ ಒಯ್ಯುವ ಸಾಮಾನ್ಯ ವಿನ್ಯಾಸದಲ್ಲಿ ಮೂಲೆಗಳನ್ನೂ ಸೋಫಾವನ್ನೂ ಸ್ವಚ್ಛಗೊಳಿಸುವುದು ಸುಲಭ. ನಾಯಿಯ ಕೂದಲು ಸೋಫಾದ ಮೇಲೂ ಬೀಳುವ ನಿಮ್ಮಂಥ ಮನೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆ.

ನೀವು ಹೇಳಿದ ಮೂರರಲ್ಲಿ ನಾನು ಆರಿಸುವುದು ಕೈಯಿಂದ ಎತ್ತರ ಹೊಂದಿಸಬಹುದಾದ, ಬ್ರಷ್ಷನ್ನು ನಿಲ್ಲಿಸಬಹುದಾದ, ಹೀರುವಿಕೆಯನ್ನು ತಗ್ಗಿಸಬಹುದಾದ ಯಂತ್ರವನ್ನು, ಅದರ ವ್ಯಾಟ್ ಎಲ್ಲಕ್ಕಿಂತ ಕಡಿಮೆ ಇದ್ದರೂ ಸರಿ. ಕೊಂಡ ಮೇಲೆ ನಿಧಾನವಾಗಿ ಓಡಿಸಿ; ಬ್ರಷ್ಷಿಗೆ ಒಂದೇ ಜಾಗದಲ್ಲಿ ಎಳೆಗಳನ್ನು ಮತ್ತೆ ಮತ್ತೆ ಅಲುಗಿಸಲು ಸಮಯ ಸಿಗಬೇಕು, ಒಮ್ಮೆ ಉದ್ದಕ್ಕೆ ಮತ್ತೊಮ್ಮೆ ಅಡ್ಡಕ್ಕೆ ಹೋದರೆ ಇನ್ನೂ ಒಳ್ಳೆಯದು. ಬ್ರಷ್ಷಿಗೆ ಸುತ್ತಿಕೊಂಡ ನಾಯಿಯ ಕೂದಲನ್ನು ಯಂತ್ರದ ಪ್ಲಗ್ ತೆಗೆದ ಮೇಲೆ ಕತ್ತರಿಯಿಂದ ಸೀಳಿ ತೆಗೆಯುತ್ತಿರಿ, ಮುಖ್ಯವಾಗಿ ಎರಡೂ ತುದಿಗಳ ಬೇರಿಂಗ್ ಬಳಿ. ಯಂತ್ರದಲ್ಲಿರುವುದು ಚಪ್ಪಟೆ ರಬ್ಬರ್ ಬೆಲ್ಟಾಗಿದ್ದರೆ ಅದು ಹರಿಯುವ ಮೊದಲೇ ಹಿಗ್ಗುತ್ತದೆ: ಬ್ರಷ್ಷು ತಿರುಗುತ್ತಿರುವಂತೆ ಕಂಡರೂ ಕಾರ್ಪೆಟ್ಟನ್ನು ಮುಟ್ಟಿದೊಡನೆ ನಿಧಾನವಾಗುತ್ತದೆ. ಹಲ್ಲುಗಳಿರುವ ಬೆಲ್ಟಿನಲ್ಲಿ ಈ ತೊಂದರೆ ಇಲ್ಲ. ಮೂರರಲ್ಲಿ ಎರಡು ಯಂತ್ರಗಳು ಉಳಿದೆಲ್ಲದರಲ್ಲೂ ಸಮನಾಗಿ ಕಂಡರೆ ಹಲ್ಲಿನ ಬೆಲ್ಟಿರುವುದನ್ನೇ ಕೊಳ್ಳಿ.