ಲಾ ಓದುವ ಮಗಳಿಗೆ ಸಂಸ್ಕೃತ ಬೇಕಾ?

ಗದಗಿನಿಂದ ಕೇಳಿದ್ದೀರಿ ಅಕ್ಕಾ: ಮಗಳಿಗೆ ಮುಂದೆ ಲಾ ಓದುವ ಆಸೆ, ಈಗ ಬಿಎಯಲ್ಲಿ ಸಂಸ್ಕೃತ ತಗೊಂಡರೆ ಪೂಜೆ, ಮಂತ್ರ ಬಿಟ್ಟು ಬೇರೆ ಉಪಯೋಗ ಇದೆಯಾ ಅಂತ. ಖಂಡಿತ ಇದೆ.

ನಮ್ಮ ಕಡೆ ಕೋರ್ಟಿಗೆ ಬರುವ ಪಾಲಿನ ದಾವೆಗಳನ್ನೇ ನೋಡಿ. ಪಿತ್ರಾರ್ಜಿತ ಹೊಲದಲ್ಲಿ ಹುಟ್ಟಿನಿಂದಲೇ ಯಾರಿಗೆ ಹಕ್ಕು ಅನ್ನುವ ಪ್ರಶ್ನೆ ಎದ್ದರೆ ಮಿತಾಕ್ಷರದ ಮಾತು ಬಂದೇ ಬರುತ್ತದೆ. ಅದು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಸಂಸ್ಕೃತದಲ್ಲಿ ಬರೆದದ್ದು, ಯಾಜ್ಞವಲ್ಕ್ಯ ಸ್ಮೃತಿ ಅನ್ನುವ ಹಳೆಯ ಧರ್ಮಶಾಸ್ತ್ರ ಗ್ರಂಥಕ್ಕೆ ವಿವರಣೆ. ಬರೆದದ್ದು ನಮ್ಮ ಕನ್ನಡ ನೆಲದಲ್ಲೇ ಅನ್ನೋದು ನನಗಂತೂ ದೊಡ್ಡ ಹೆಮ್ಮೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನಲ್ಲಿ ಅದರ ಹೆಸರು ಇವತ್ತಿಗೂ ಇದೆ. ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ 2005ರಲ್ಲಿ ತಿದ್ದಿದ್ದು ಇದೇ ಕಲಮನ್ನು. ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಈ ಹಕ್ಕು ಕೊಟ್ಟಿತ್ತು. ತಿದ್ದಿದ್ದು ಯಾವುದನ್ನು, ಯಾಕೆ ಅಂತ ಮೂಲ ಓದಿ ತಿಳಿದ ವಕೀಲೆಯ ಮಾತಿಗೆ ತೂಕ ಜಾಸ್ತಿ ಅಲ್ವಾ?

ಹಾಗಂತ ಸಂಸ್ಕೃತ ಒಂದರಿಂದಲೇ ಕೇಸು ಗೆಲ್ಲೋಕಾಗಲ್ಲ. ಖರೀದಿ ಪತ್ರ, ವಾಟ್ನಿ ಪತ್ರ (ಪಾಲು ಪತ್ರ) ಹೆಚ್ಚಾಗಿ ಕನ್ನಡದಲ್ಲೇ ಇರುತ್ತವೆ, ತೀರ್ಪುಗಳು ಬಹುತೇಕ ಇಂಗ್ಲಿಷಿನಲ್ಲಿ. ಅವೆರಡೂ ಗಟ್ಟಿಯಾಗಿರಲೇಬೇಕು.

ಸುಮ್ನೆ ಅಂಕ ಸಿಗುತ್ತವೆ ಅಂತ ಬಾಯಿಪಾಠ ಮಾಡಿಸಬೇಡಿ. ಸಂಧಿ, ಸಮಾಸ ಬಿಡಿಸಿ ತಾನೇ ಓದುವಷ್ಟು ಕಲಿಯಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ವಿಭಾಗ ಇದೆ. ಸೇರಿಸುವ ಮೊದಲು ಒಮ್ಮೆ ಅವಳನ್ನು ಕರ್ಕೊಂಡು ಹೋಗಿ ಅಲ್ಲಿನ ಅಧ್ಯಾಪಕರ ಹತ್ತಿರ ಮಾತಾಡಿಸಿ.