ಮನೆಯ ಲ್ಯಾಪ್‌ಟಾಪ್, ಕೆಲಸದ ಖರ್ಚು: ಎಷ್ಟು ಕಳೆಯಬಹುದು?

ಪ್ರಶ್ನೆ: ಎರಡು ವರ್ಷದಿಂದ ಮನೆಯಲ್ಲೇ ಕೂತು ವಿಡಿಯೋ ಎಡಿಟಿಂಗ್ ಮಾಡುತ್ತಿದ್ದೇನೆ. ಕೆಲಸವೆಲ್ಲ ಆನ್‌ಲೈನ್‌ನಲ್ಲೇ ಸಿಗುತ್ತದೆ. ವೆಬ್‌ಸೈಟಿನವರು ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಲ್ಯಾಪ್‌ಟಾಪನ್ನು ಮಗನೂ ಬಳಸುತ್ತಾನೆ. ಇಂಟರ್ನೆಟ್ ಇಡೀ ಮನೆಯದು. ಟ್ಯಾಕ್ಸ್ ಲೆಕ್ಕದಲ್ಲಿ ಇವನ್ನೆಲ್ಲ ಖರ್ಚು ಅಂತ ಕಳೆಯಬಹುದಾ? "ವರ್ಷದ ಕೊನೆಗೆ ಒಂದು ಕ್ಯಾಮೆರಾ ತಗೊಂಡುಬಿಡಿ, ಟ್ಯಾಕ್ಸ್ ಉಳಿಯುತ್ತೆ" ಅನ್ನುತ್ತಾರೆ ಪರಿಚಯದವರು. ನಿಜವೇ?
– ಹೆಸರು ಬೇಡ

ಉತ್ತರ: ಮೊದಲು ಕ್ಯಾಮೆರಾ ವಿಷಯ. ಕೆಲಸಕ್ಕೆ ಬೇಕಿಲ್ಲದಿದ್ದರೆ ದಯವಿಟ್ಟು ತಗೋಬೇಡಿ. ಖರ್ಚು ತೋರಿಸಿದಾಗ ಅಷ್ಟೂ ಕಡಿಮೆಯಾಗುವುದು ಟ್ಯಾಕ್ಸ್ ಬೀಳುವ ಆದಾಯ, ಟ್ಯಾಕ್ಸ್ ಅಲ್ಲ. ನಿಮ್ಮ ಟ್ಯಾಕ್ಸ್ ದರ ಶೇ. 20 ಇದ್ದರೆ, 100 ಖರ್ಚು ಮಾಡಿ ಉಳಿಸುವುದು 20 ಮಾತ್ರ. ಮಿಕ್ಕ 80 ನಿಮ್ಮ ಕೈಯಿಂದಲೇ ಹೋಯಿತು ಅಲ್ವಾ? ಅದೂ ಅಲ್ಲದೆ, ವರ್ಷಗಟ್ಟಲೆ ಬಾಳುವ ವಸ್ತುವಿನ ಬೆಲೆಯನ್ನು ಎಷ್ಟೋ ಕಡೆ ಒಂದೇ ವರ್ಷ ಕಳೆಯಲು ಬಿಡುವುದಿಲ್ಲ. ಸವಕಳಿ ಅಂತ ವರ್ಷವರ್ಷವೂ ಸ್ವಲ್ಪಸ್ವಲ್ಪ ಕಳೆಯಬೇಕು.

ಕಮಿಷನ್ ಖಂಡಿತ ಖರ್ಚೇ. ಆದರೆ ಕಮಿಷನ್ ಹೋಗಿ ಖಾತೆಗೆ 80 ಬಂತು ಅನ್ನಿ, ಆ 80ನ್ನೇ ಆದಾಯ ಅಂತ ಬರೆಯಬೇಡಿ. ಗಿರಾಕಿ ಕೊಟ್ಟದ್ದು 100, ಅದು ಆದಾಯ. ವೆಬ್‌ಸೈಟ್ ಮುರಿದುಕೊಂಡದ್ದು 20, ಅದು ಖರ್ಚು. ಎರಡನ್ನೂ ಬೇರೆಬೇರೆ ತೋರಿಸಿ. ಕೊನೆಗೆ ಸಿಗುವ ಮೊತ್ತ ಒಂದೇ, ಮತ್ಯಾಕೆ ಈ ಕಷ್ಟ ಅನ್ನಿಸಬಹುದು. ಎಷ್ಟೋ ವೆಬ್‌ಸೈಟ್‌ಗಳು ತೆರಿಗೆ ಇಲಾಖೆಗೆ ಕಳಿಸುವ ಲೆಕ್ಕದಲ್ಲಿ ಇರುವುದು ಆ 100. ನಿಮ್ಮದು 80 ಅಂತಿದ್ದರೆ ತಾಳೆಯಾಗುವುದಿಲ್ಲ. ಆಗ ಬರುವ ನೋಟಿಸಿಗೆ ಉತ್ತರ ಕೊಡುವ ಹೊತ್ತಿಗೆ ಕಮಿಷನ್ ಎಷ್ಟು ಮುರಿದರು ಅನ್ನುವ ವೆಬ್‌ಸೈಟಿನ ಸ್ಟೇಟ್‌ಮೆಂಟ್‌ಗಳು ಸಿಗದೆಯೂ ಇರಬಹುದು. ತಿಂಗಳು ತಿಂಗಳೂ ಇಳಿಸಿಟ್ಟುಕೊಳ್ಳಿ.

ಇನ್ನು ಲ್ಯಾಪ್‌ಟಾಪ್. ಬಹಳ ವರ್ಷ ಬೇರೆಯವರ ಲೆಕ್ಕ ಬರೆದವಳು ನಾನು. ಅನುವಾದ ಮಾಡುವ ಒಬ್ಬ ಹುಡುಗಿ ಫೋನ್, ಇಂಟರ್ನೆಟ್, ಕರೆಂಟ್ ಎಲ್ಲವನ್ನೂ ಪೂರ್ತಿ ಕೆಲಸದ ಖರ್ಚು ಅಂತ ಹಾಕಿಕೊಂಡಿದ್ದಳು. "ಮನೆಯಲ್ಲಿ ಬೇರೆ ಯಾರೂ ಫೋನ್ ಮುಟ್ಟುವುದೇ ಇಲ್ಲವಾ?" ಅಂತ ಅಧಿಕಾರಿ ಕೇಳಿದರು. ಅವಳ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಅವಳ ನಿಜವಾದ ಖರ್ಚುಗಳ ಮೇಲೂ ಅನುಮಾನ ಶುರುವಾಯಿತು. ಪಾಪ, ನಿಘಂಟಿನ ಬಿಲ್ಲಿಗೂ ವಿವರಣೆ ಕೊಡಬೇಕಾಯಿತು. ಇವತ್ತಿಗೂ ನನಗೆ ಅದು ಬೇಜಾರು. ಹಾಗಾಗಿ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ನೀವು ಎಷ್ಟು ಗಂಟೆ ಎಡಿಟಿಂಗ್ ಮಾಡಿದಿರಿ, ಮಗ ಎಷ್ಟು ಗಂಟೆ ಬಳಸಿದ. ಹತ್ತರಲ್ಲಿ ಆರು ಪಾಲು ಕೆಲಸದ್ದಾದರೆ ಆರು ಪಾಲು ಕಳೆಯಿರಿ. ಇಂಟರ್ನೆಟ್ಟಿಗೂ ಇದೇ ರೀತಿ. ಆ ಪುಸ್ತಕವನ್ನು ಎಸೆಯಬೇಡಿ. ನಾಳೆ ಯಾರಾದರೂ ಕೇಳಿದರೆ ನಿಮ್ಮ ಉತ್ತರ ಅದೇ. ಎಡಿಟಿಂಗ್ ಸಾಫ್ಟ್‌ವೇರ್ ಬರೀ ಕೆಲಸಕ್ಕಾದರೆ ಪೂರ್ತಿ ಹಾಕಿಕೊಳ್ಳಿ, ಅದಕ್ಕೆ ಹೆದರಬೇಕಿಲ್ಲ.

ಇಷ್ಟೆಲ್ಲ ಬರೆದಿಡುವುದು ಬೇಡ ಅನ್ನುವವರಿಗೆ ಕೆಲವು ದೇಶಗಳಲ್ಲಿ ಸುಲಭದ ದಾರಿ ಇದೆ. ಭಾರತದಲ್ಲಿ ಕಾನೂನು ಹೆಸರಿಸಿದ ಕೆಲವು ವೃತ್ತಿಯವರು, ಒಂದು ಮಿತಿಯೊಳಗೆ, ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. ಬ್ರಿಟನ್‌ನಲ್ಲಿ 2017ರಿಂದ ಖರ್ಚಿನ ಬದಲು ವರ್ಷಕ್ಕೆ 1,000 ಪೌಂಡ್ ಕಳೆಯಬಹುದು. ಅಮೆರಿಕದಲ್ಲಿ ಮನೆಯೊಳಗೆ ಕೆಲಸಕ್ಕೇ ಮೀಸಲಾದ ಜಾಗಕ್ಕೆ ಚದರ ಅಡಿಗೆ 5 ಡಾಲರ್ ಕಳೆಯಬಹುದು, 300 ಚದರ ಅಡಿವರೆಗೆ. ಆದರೆ ಈ ದಾರಿ ಹಿಡಿದ ಮೇಲೆ ಅದೇ ಖರ್ಚನ್ನು ಬಿಲ್ ತೋರಿಸಿ ಮತ್ತೆ ಕಳೆಯುವಂತಿಲ್ಲ. ನಿಮ್ಮ ಕೆಲಸ ಅಂಥ ಪಟ್ಟಿಯಲ್ಲಿ ಇದೆಯಾ ಅಂತ ರಿಟರ್ನ್ ಸಲ್ಲಿಸುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ಬಿಲ್‌ಗಳನ್ನು ಸುಮ್ನೆ ಡಬ್ಬಿಯಲ್ಲಿ ತುಂಬಿಡಬೇಡಿ. ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ತಂದ ದಿನವೇ ಫೋಟೋ ತೆಗೆದಿಡಿ, ಯಾವ ಕೆಲಸಕ್ಕೆ ಅಂತ ಒಂದು ಸಾಲು ಬರೆದು.