ಮುತ್ತಾತನ ಹೆಸರಿನಾಚೆಗೆ ಹೋಗುವುದು ಹೇಗೆ?

ನೀವು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೀರಿ. ಸಮಾಜ ವಿಜ್ಞಾನದ ಯೋಜನಾ ಕಾರ್ಯಕ್ಕಾಗಿ ಮನೆತನದ ಇತಿಹಾಸವನ್ನು ಬರೆಯಬೇಕಾಗಿದೆ. ತಂದೆಯ ಊರು ತುಮಕೂರು ಜಿಲ್ಲೆಯ ಒಂದು ಹಳ್ಳಿ, ತಾಯಿಯವರು ದಕ್ಷಿಣ ಕನ್ನಡದ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಕುಟುಂಬಕ್ಕೆ ಸೇರಿದವರು. ತಂದೆಯ ಕಡೆ ಮುತ್ತಾತನ ಹೆಸರಿನಾಚೆಗೆ ಯಾರಿಗೂ ಏನೂ ಗೊತ್ತಿಲ್ಲ. ಅಂತರ್ಜಾಲದಲ್ಲಿ ಗೋತ್ರವನ್ನೋ ಅಡ್ಡಹೆಸರನ್ನೋ ಹುಡುಕಿದರೆ ಪೂರ್ವಜರು ಸಿಗುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆ. ಸಿಗುವುದಿಲ್ಲ. ಒಂದೇ ಗೋತ್ರವನ್ನು ಹೇಳಿಕೊಳ್ಳುವ ಸಾವಿರಾರು ಮನೆಗಳಿರುತ್ತವೆ, ಅವುಗಳ ನಡುವೆ ನಿಮ್ಮ ಮನೆ ಯಾವುದೆಂದು ಗೋತ್ರ ಹೇಳಲಾರದು. ನಾನು ಬಯಲುಸೀಮೆಯ ಹಳ್ಳಿಗಳಲ್ಲಿ ಗ್ರಾಮಲೆಕ್ಕಿಗನಾಗಿ ಕೆಲಸ ಮಾಡಿ ನಿವೃತ್ತನಾದವನು. ಪೌತಿ ಖಾತೆಗೆಂದು, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಬಂದವರಿಗೆ ವಂಶವೃಕ್ಷ ಬರೆದುಕೊಡುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಆದ್ದರಿಂದ ಈ ಉತ್ತರ ಸ್ವಲ್ಪ ಕಾಗದಪತ್ರಗಳ ಕಡೆಗೇ ವಾಲಿರುತ್ತದೆ.

ಆದರೂ ಕಾಗದಕ್ಕಿಂತ ಮೊದಲು ಮನುಷ್ಯರನ್ನು ಹಿಡಿಯಬೇಕು. ಊರಿನಲ್ಲಿ ನಿಮ್ಮ ದಾಯಾದಿಗಳ ಪೈಕಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಬಳಿ ಮೊದಲು ಕುಳಿತುಕೊಳ್ಳಿ. ನೇರ ಅಜ್ಜ-ಅಜ್ಜಿಯರೇ ಆಗಬೇಕೆಂದಿಲ್ಲ. ನಿಮ್ಮ ತಾತನ ಅಕ್ಕನೋ ದೊಡ್ಡಪ್ಪನ ಸೊಸೆಯೋ ಹೆಚ್ಚು ತಿಳಿದಿರಬಹುದು. "ನಮ್ಮ ಪೂರ್ವಜರು ಯಾರು" ಎಂದು ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಊರ ಮುಂದಿನ ತೋಟದ ಬಾವಿ ತೋಡಿಸಿದವರು ಯಾರು, ಹಳೆಯ ಮನೆ ಪಾಲಾದಾಗ ಯಾರ್‍ಯಾರಿಗೆ ಯಾವ ಅಂಕಣ ಬಂತು, ಮಾರ್ನವಮಿ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಯಾರ್‍ಯಾರ ಹೆಸರು ಹೇಳುತ್ತಾರೆ ಎಂದು ಕೇಳಿ. ಹೆಸರುಗಳು ತಾವಾಗಿಯೇ ಒಂದರ ಹಿಂದೊಂದು ಬರುತ್ತವೆ.

ಇಸವಿಯನ್ನು ಕೇಳಬೇಡಿ, ಸಂವತ್ಸರವನ್ನು ಕೇಳಿ. "ನಮ್ಮಪ್ಪ ಹುಟ್ಟಿದ್ದು ಕ್ರೋಧಿಯಲ್ಲಂತೆ" ಎಂದು ಎಂಬತ್ತು ದಾಟಿದ ಅಜ್ಜಿಯೊಬ್ಬರು ಹೇಳಿದರೆ ಅದು ಬಹಳ ಬೆಲೆಯುಳ್ಳ ಮಾಹಿತಿ. ಸಂವತ್ಸರಗಳ ಚಕ್ರ ಅರವತ್ತು ವರ್ಷಗಳದು. ಕ್ರೋಧಿ 2024ರ ಯುಗಾದಿಗೆ ಬಂದಿತ್ತು, ಅದಕ್ಕೆ ಮುಂಚೆ 1964ರಲ್ಲಿ, ಅದಕ್ಕೂ ಮುಂಚೆ 1904ರಲ್ಲಿ. ಎಂಬತ್ತು ದಾಟಿದವರ ತಂದೆ 1964ರಲ್ಲಿ ಹುಟ್ಟಿರಲು ಸಾಧ್ಯವಿಲ್ಲ. ಹಾಗಾಗಿ 1904ರ ಯುಗಾದಿಯಿಂದ 1905ರ ಯುಗಾದಿಯೊಳಗೆ ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು. ಸಂವತ್ಸರವೂ ನೆನಪಿಲ್ಲದಿದ್ದರೆ ದೊಡ್ಡ ಘಟನೆಗಳಿಗೆ ಗಂಟು ಹಾಕಿ. ಧಾತು-ಈಶ್ವರದ ಬರ 1876ರಿಂದ 1878ರವರೆಗಿನದು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಶಿರಾದಿಂದ ದೂರವಲ್ಲದ ಮಾರಿಕಣಿವೆಯ ಅಣೆಕಟ್ಟೆ, ಅಂದರೆ ವಾಣಿವಿಲಾಸ ಸಾಗರ, ಮುಗಿದದ್ದು 1907ರಲ್ಲಿ. ಮನೆಗಟ್ಟಲೆ ಜನರನ್ನು ಒಯ್ದ ಇನ್‌ಫ್ಲುಯೆಂಜಾ ಜ್ವರ 1918ರದು. ಒಬ್ಬರು "ಬರದಲ್ಲಿ ಊರು ಬಿಟ್ಟು ಬಂದವರು ನಾವು" ಎಂದರೆ ಯಾವ ಬರ ಎಂದು ಮರುಪ್ರಶ್ನೆ ಹಾಕಲೇಬೇಕು, ಏಕೆಂದರೆ ನಮ್ಮ ಸೀಮೆಯಲ್ಲಿ ಬರಕ್ಕೇನೂ ಬರವಿರಲಿಲ್ಲ.

ಇನ್ನು ದಾಖಲೆಗಳು. ನಿಮ್ಮ ಕುಟುಂಬಕ್ಕೆ ಊರಿನಲ್ಲಿ ಒಂದಿಷ್ಟು ಜಮೀನಿದ್ದರೆ ಪಹಣಿಯಿಂದ, ಅಂದರೆ ಜಮೀನು ಯಾರದೆಂದು ತೋರಿಸುವ ಕಂದಾಯ ದಾಖಲೆಯಿಂದ, ಪ್ರಾರಂಭಿಸಿ. ಅದರ 9ನೇ ಕಾಲಂನಲ್ಲಿ ಖಾತೆದಾರರ ಹೆಸರು "ರಂಗಯ್ಯ ಬಿನ್ ತಿಮ್ಮಯ್ಯ" ಎಂದೋ, ಹೆಣ್ಣುಮಕ್ಕಳಾದರೆ "ಲಕ್ಷ್ಮಮ್ಮ ಕೋಂ ಲೇಟ್ ರಂಗಯ್ಯ" ಎಂದೋ ಇರುತ್ತದೆ. ಬಿನ್ ಎಂದಿರುವಲ್ಲಿ ಮುಂದಿನದು ತಂದೆಯ ಹೆಸರು, ಕೋಂ ಎಂದಿರುವಲ್ಲಿ ಗಂಡನ ಹೆಸರು. 10ನೇ ಕಾಲಂನಲ್ಲಿ ಆ ಹಕ್ಕು ಅವರಿಗೆ ಹೇಗೆ ಬಂತೆಂಬ ವಿವರವೂ ಹಕ್ಕು ಬದಲಾವಣೆಯ ಸಂಖ್ಯೆಯೂ ಇರುತ್ತವೆ. ನಮ್ಮ ಕಡೆ ಎಲ್ಲರೂ ಅದನ್ನು ಎಂ.ಆರ್. ನಂಬರು ಎನ್ನುತ್ತಾರೆ. ಆ ಸಂಖ್ಯೆಯನ್ನು ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ನಕಲಿಗೆ ಅರ್ಜಿ ಹಾಕಿದರೆ ಖಾತೆ ಯಾರಿಂದ ಯಾರಿಗೆ, ಯಾವ ವರ್ಷ, ಪೌತಿಯಿಂದಲೋ ಪಾಲಿನಿಂದಲೋ ಕ್ರಯದಿಂದಲೋ ಹೋಯಿತೆಂಬುದು ತಿಳಿಯುತ್ತದೆ. ಪೌತಿಯಿಂದ ಎಂದಿದ್ದರೆ ನಿಮ್ಮ ಅದೃಷ್ಟ. ಮೃತರ ವಾರಸುದಾರರು ಯಾರೆಂಬುದನ್ನು ಆಗಲೇ ವಿಚಾರಿಸಿ ಬರೆದಿರುತ್ತಾರೆ, ಮನೆಯವರು ಮರೆತೇಬಿಟ್ಟಿರುವ ಒಬ್ಬ ಚಿಕ್ಕತಾತ ಅಲ್ಲಿ ಸಿಕ್ಕಿಬಿಡಬಹುದು.

ಈ ಕೆಲಸಕ್ಕೆ ದೊಡ್ಡವರೊಬ್ಬರನ್ನು, ಖಾತೆದಾರರೇ ಆದರೆ ಇನ್ನೂ ಒಳ್ಳೆಯದು, ಜೊತೆಗೆ ಕರೆದುಕೊಂಡು ಹೋಗಿ. ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕೀಕರಣಗೊಂಡದ್ದು 2000ದ ಆಸುಪಾಸಿನಲ್ಲಿ, ಆದ್ದರಿಂದ ಅದಕ್ಕೆ ಹಿಂದಿನವು ಕೈಬರಹದ ಪುಸ್ತಕಗಳಲ್ಲೇ ಇರುತ್ತವೆ. ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ: ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ತಿಮ್ಮಯ್ಯನ ಮಗ ರಂಗಯ್ಯ, ರಂಗಯ್ಯನ ಮಗ ತಿಮ್ಮಯ್ಯ, ಅವನ ಮಗ ಮತ್ತೆ ರಂಗಯ್ಯ ಎಂದು ಸಾಲು ಹೋಗುತ್ತದೆ. ಯಾವ ರಂಗಯ್ಯ ಎಂಬುದು ಸರ್ವೆ ನಂಬರು ಮತ್ತು ವರ್ಷ ಎರಡನ್ನೂ ಕೂಡಿಸಿ ನೋಡಿದಾಗಲೇ ಇತ್ಯರ್ಥವಾಗುತ್ತದೆ. ಮನೆಯ ಟ್ರಂಕಿನಲ್ಲಿ ಹಳೆಯ ಪಾಲುಪಾರೀಕತ್ತು, ಅಂದರೆ ಆಸ್ತಿ ಪಾಲು ಮಾಡಿಕೊಂಡ ಪತ್ರ, ಇದ್ದರೆ ಅದನ್ನು ಬಿಡಬೇಡಿ. ಅಣ್ಣತಮ್ಮಂದಿರ ಹೆಸರುಗಳು, ಸಾಕ್ಷಿ ಹಾಕಿದ ಸೋದರಮಾವಂದಿರು, ಯಾರ ಪಾಲಿಗೆ ಯಾವ ಎತ್ತು ಬಂತು, ತಾಯಿಯ ಜೀವನಾಂಶಕ್ಕೆ ಎಷ್ಟು ರಾಗಿ ಎಂಬುದೆಲ್ಲ ಅದರಲ್ಲಿ ಇರುತ್ತದೆ. ನನ್ನ ಮಟ್ಟಿಗೆ ಮನೆತನದ ಚರಿತ್ರೆಗೆ ಅಂಥ ಒಂದು ಪತ್ರ ಹತ್ತು ಪಹಣಿಗಳಿಗೆ ಸಮ.

ಜಮೀನೇ ಇಲ್ಲದ ಮನೆತನಗಳಿಗೆ ಈ ದಾರಿ ಮುಚ್ಚಿರುತ್ತದೆ. ಕಂದಾಯ ಕಟ್ಟದವರ ಹೆಸರನ್ನು ಕಂದಾಯದ ಪುಸ್ತಕಗಳು ಬರೆದುಕೊಳ್ಳಲಿಲ್ಲ. ಕೂಲಿ ಮಾಡಿ, ಜೀತವಿದ್ದು ಬದುಕಿದವರ ತಲೆಮಾರುಗಳು ಹಾಗೆ ಲೆಕ್ಕದ ಹೊರಗೆ ಉಳಿದವು. ನಿಮ್ಮ ತರಗತಿಯಲ್ಲೇ ಅಂಥ ಸಹಪಾಠಿಗಳಿರಬಹುದು, ಅವರ ಪಟ್ಟಿ ನಿಮ್ಮದಕ್ಕಿಂತ ಚಿಕ್ಕದಾಗಿ ಕಾಣುವುದು ಈ ಕಾರಣದಿಂದ ಎಂಬುದನ್ನು ನಿಮ್ಮ ಶಿಕ್ಷಕರಿಗೂ ತಿಳಿಸಿ. ಅವರಿಗೆ ಹಳೆಯ ಮತದಾರರ ಪಟ್ಟಿ, ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ, ಜನನ-ಮರಣ ನೋಂದಣಿ ಇವು ನೆರವಾಗುತ್ತವೆ. ದಾಖಲಾತಿ ಪುಸ್ತಕದಲ್ಲಿ ತಂದೆಯ ಅಥವಾ ಪೋಷಕರ ಹೆಸರು ಇರುತ್ತದೆ. ಜನ್ಮದಿನಾಂಕವನ್ನು ಮಾತ್ರ ನಂಬಬೇಡಿ, ಹಳ್ಳಿಯ ಮೇಷ್ಟ್ರು ಸೇರಿಸಿಕೊಳ್ಳುವಾಗ ಅಂದಾಜಿನಲ್ಲಿ ಬರೆದದ್ದೇ ಹೆಚ್ಚು. ಜನಗಣತಿಯಲ್ಲಿ ಹುಡುಕಬಹುದೇ ಎಂದು ಕೆಲವರು ಕೇಳುತ್ತಾರೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗೋಪ್ಯ, ಅದನ್ನು ಯಾರಿಗೂ ತೋರಿಸುವುದಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ನಾವು ಬರೆದ ವಂಶವೃಕ್ಷಗಳ ಬಗ್ಗೆ ನನಗೇ ಸಮಾಧಾನವಿಲ್ಲ. ಹಳೆಯವುಗಳಲ್ಲಿ ಮಗಳಂದಿರು ಒಂದೋ ಇರುವುದೇ ಇಲ್ಲ, ಇದ್ದರೆ "ಮದುವೆಯಾಗಿದೆ" ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ವಾರಸುದಾರಳೆಂದು ಒಪ್ಪಿತ್ತಾದರೂ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆಯೇ ಹುಟ್ಟಿನಿಂದ ಹಕ್ಕು ದೊರೆತದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಲ್ಲಿ. ಆಮೇಲೆ ಪೌತಿ ಖಾತೆಯ ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರು ತಪ್ಪದೆ ಬರಲಾರಂಭಿಸಿತು. ಅವರ ಸಹಿ ಬೇಕಾಗಿತ್ತಲ್ಲ. ಆದ್ದರಿಂದ ನಿಮ್ಮ ಅಜ್ಜಿ, ಮುತ್ತಜ್ಜಿಯರ ತವರು ಯಾವುದು, ಅವರ ತಂದೆತಾಯಿ ಯಾರು ಎಂಬುದನ್ನು ನೀವು ಬಾಯಿಮಾತಿನಿಂದಲೇ ಕೂಡಿಸಿಕೊಳ್ಳಬೇಕಾಗುತ್ತದೆ.

ಶಾಲೆಯಲ್ಲಿ ಕೊಟ್ಟ ನಮೂನೆಯಲ್ಲಿ ತಂದೆ, ತಾತ, ಮುತ್ತಾತ ಎಂಬ ಚೌಕಗಳಷ್ಟೇ ಇವೆಯೆಂದು ಬರೆದಿದ್ದೀರಿ. ನಿಮ್ಮ ತಾಯಿಯ ಕಡೆಗೆ ಆ ನಮೂನೆ ಹೊಂದುವುದೇ ಇಲ್ಲ. ಅಳಿಯಸಂತಾನದಲ್ಲಿ ಕುಟುಂಬವೂ ಗೋತ್ರದಂತಿರುವ ಬಳಿಯೂ ತಾಯಿಯಿಂದ ಬರುತ್ತವೆ. ಆಸ್ತಿಯ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಅದಕ್ಕೆಂದೇ 1949ರಲ್ಲಿ, ಆ ಜಿಲ್ಲೆ ಇನ್ನೂ ಮದರಾಸು ಪ್ರಾಂತ್ಯದಲ್ಲಿದ್ದಾಗ, ಪ್ರತ್ಯೇಕ ಕಾಯ್ದೆಯೊಂದು ಬಂದಿತ್ತು. ಅಲ್ಲಿಯ ಮರವನ್ನು ತಾಯಿ, ಅಜ್ಜಿ, ಅಜ್ಜಿಯ ತಾಯಿ ಎಂದು ಹತ್ತಿಸುತ್ತಾ, ಪ್ರತಿ ಮೆಟ್ಟಿಲಿನಲ್ಲೂ ಅವರ ಒಡಹುಟ್ಟಿದವರನ್ನು ಬರೆಯಿರಿ. ಕುಟುಂಬದ ಮೂಲಮನೆಯಲ್ಲಿ ದೈವಗಳಿಗೆ ತಂಬಿಲ ಎಂಬ ಪೂಜೆ ನಡೆಯುವ ದಿನ ಹೋದರೆ ಕವಲುಗಳೆಲ್ಲ ಒಂದೇ ಚಾವಡಿಯಲ್ಲಿ ಸಿಗುತ್ತವೆ, ಒಬ್ಬೊಬ್ಬರ ಮನೆಗೆ ಅಲೆಯುವ ಶ್ರಮ ತಪ್ಪುತ್ತದೆ. ಕೊಡಗಿನವರಾಗಿದ್ದರೆ ಒಕ್ಕದ (ಮನೆತನದ) ಹೆಸರು, ಐನ್‌ಮನೆ (ಮನೆತನದ ಮೂಲಮನೆ) ಎಂದು ಬೇರೆಯೇ ಕ್ರಮವಿರುತ್ತಿತ್ತು. 1997ರಿಂದ ನಡೆಯುತ್ತಿರುವ ಅವರ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡ ಕಟ್ಟುವುದೂ ಒಕ್ಕದ ಲೆಕ್ಕದಲ್ಲೇ. ಒಂದೇ ನಮೂನೆಯನ್ನು ಎಲ್ಲರಿಗೂ ಹಂಚುವ ಮೊದಲು ಇದನ್ನು ಯೋಚಿಸಬೇಕಿತ್ತು.

ತಂದೆಯ ಊರಿಗೆ ಹೆಳವರು ಬರುತ್ತಾರೆಯೇ ಎಂದು ವಿಚಾರಿಸಿ. ಸಿಂಗರಿಸಿದ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬಂದು, ಬಾಗಿಲ ಮುಂದೆ ನಿಂತು, ಆ ಮನೆಯ ಮೂಲಪುರುಷ ಯಾರು, ಯಾವ ಊರು ಬಿಟ್ಟು ಎಲ್ಲಿಗೆ ಬಂದ, ಅವನಿಗೆಷ್ಟು ಮಕ್ಕಳು, ಯಾರ ಸಂತಾನ ಎಲ್ಲಿ ಹಬ್ಬಿತು ಎಂದು ರಾಗವಾಗಿ ಹೇಳುವ ವೃತ್ತಿಯವರು ಅವರು. ಹಿಂದಿನ ಬಾರಿ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ, ದವಸವನ್ನೋ ಬಟ್ಟೆಯನ್ನೋ ಹಣವನ್ನೋ ಪಡೆಯುತ್ತಾರೆ. ಸುಗ್ಗಿ ಮುಗಿದ ಕಾಲಕ್ಕೆ ಬರುವುದು ರೂಢಿ. ಹೆಳವರಿಗೆ ತಮ್ಮ ತಮ್ಮ ಒಕ್ಕಲು ಮನೆಗಳು ಗೊತ್ತಾಗಿರುತ್ತವೆ, ಎಲ್ಲ ಜಾತಿಯ ಎಲ್ಲ ಮನೆಗೂ ಅವರು ಹೇಳುವುದಿಲ್ಲ. ಅವರು ಹೇಳಿದ್ದನ್ನು ಅನುಮತಿ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮೊದಲ ಭಾಗ ಶಿವಪಾರ್ವತಿಯರಿಂದಲೋ ಯಾವುದೋ ಅರಸನಿಂದಲೋ ಪ್ರಾರಂಭವಾಗುವುದು ಸಾಮಾನ್ಯ; ಅದನ್ನು ಕಥೆಯೆಂದು ಗೌರವಿಸಿ ಬೇರೆ ಪುಟದಲ್ಲಿ ಬರೆಯಿರಿ. ಕೊನೆಯ ನಾಲ್ಕೈದು ತಲೆಮಾರುಗಳನ್ನು ಪಹಣಿಯ ಹೆಸರುಗಳೊಡನೆ ತಾಳೆ ನೋಡಿ. ಬಹಳ ಸಲ ಅವು ಕೂಡಿಕೊಳ್ಳುವುದನ್ನು ಕಂಡು ನಾನೇ ಬೆರಗಾಗಿದ್ದೇನೆ.

ಮನೆದೇವರು ಮತ್ತೊಂದು ಸುಳಿವು. ಮನೆದೇವರ ಗುಡಿ ಈಗಿನ ಊರಿಂದ ದೂರದಲ್ಲಿದ್ದು, ಮಗುವಿನ ಮುಡಿ ತೆಗೆಸಲು ಇಂದಿಗೂ ಅಲ್ಲಿಗೇ ಹೋಗುತ್ತೀರಾದರೆ, ಹಿರಿಯರು ಆ ಕಡೆಯಿಂದ ಬಂದಿರಬಹುದೆಂಬ ಊಹೆಗೆ ಆಧಾರವಿದೆ. ಊಹೆಗೆ ಮಾತ್ರ, ಏಕೆಂದರೆ ದೊಡ್ಡ ಕ್ಷೇತ್ರಗಳಿಗೆ ನಾಡಿನ ಎಲ್ಲ ಮೂಲೆಗಳಿಂದಲೂ ಒಕ್ಕಲುಗಳಿರುತ್ತಾರೆ. ಊರ ಮುಂದಿನ ವೀರಗಲ್ಲಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಶಾಸನ ಸಂಶೋಧಕ ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ನಿಮ್ಮೂರಿನ ಶಾಸನವಿದ್ದರೆ ಖಂಡಿತ ಉಲ್ಲೇಖಿಸಿ, ಅದು ಊರಿನ ಇತಿಹಾಸ. ತುರುಗೊಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತ ಆ ವೀರ ನಿಮ್ಮ ಪೂರ್ವಜನೆಂದು ಬರೆಯಲು ಯಾವ ಆಧಾರವೂ ಇರುವುದಿಲ್ಲ, ನಡುವೆ ಐನೂರು ವರ್ಷಗಳ ಕಂದಕವಿದೆ. ಹಣ ಕೊಟ್ಟು ಮಾಡಿಸುವ ಡಿ.ಎನ್.ಎ. ಪರೀಕ್ಷೆಯೂ ಮುತ್ತಾತನ ತಂದೆಯ ಹೆಸರನ್ನು ಹೇಳುವುದಿಲ್ಲ. ಶಾಲೆಯ ಕೆಲಸಕ್ಕೆ ಅದು ಬೇಡ.

ಬರೆಯುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಅದು ಎಲ್ಲಿಂದ ಸಿಕ್ಕಿತೆಂದು ನಮೂದಿಸಿ: "ದೊಡ್ಡಜ್ಜಿ ಹೇಳಿದ್ದು", "ಪಾಲುಪಾರೀಕತ್ತು", "ಹೆಳವರ ಮಾತು". ಎರಡು ಮೂಲಗಳು ಕೂಡದಿದ್ದರೆ ಎರಡನ್ನೂ ಬರೆಯಿರಿ. ನಾಲ್ಕೇ ತಲೆಮಾರು ಸಿಕ್ಕಿ ಅವಕ್ಕೆಲ್ಲ ಆಧಾರವಿದ್ದರೆ, ಹದಿನಾಲ್ಕು ತಲೆಮಾರುಗಳ ನಿರಾಧಾರ ಪಟ್ಟಿಗಿಂತ ಅದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ದತ್ತು, ಎರಡನೆಯ ಮದುವೆ, ಊರು ಬಿಟ್ಟು ಹೋದವರು, ಅಕಾಲದಲ್ಲಿ ತೀರಿಕೊಂಡವರು ಇಂಥ ಸಂಗತಿಗಳು ವಿಚಾರಣೆಯಲ್ಲಿ ಹೊರಬಂದೇ ಬರುತ್ತವೆ. ಹೇಳಿದವರು "ಇದನ್ನು ಬರೆಯಬೇಡ" ಎಂದರೆ ನಿಮ್ಮ ಸ್ವಂತ ಪುಸ್ತಕದಲ್ಲೂ ಅವರನ್ನು ಕೇಳಿಯೇ ಬರೆಯಿರಿ. ಶಾಲೆಗೆ ಒಪ್ಪಿಸುವ ಪ್ರತಿಯಲ್ಲಿ ಬದುಕಿರುವವರ ಜನ್ಮದಿನಾಂಕ, ಆಧಾರ್ ಸಂಖ್ಯೆ, ಸರ್ವೆ ನಂಬರು ಯಾವುವೂ ಇರಬಾರದು. ಪಹಣಿಯ ನಕಲನ್ನು ಅಂಟಿಸಲೇಬೇಕೆಂದಿದ್ದರೆ ಆ ಸಾಲುಗಳ ಮೇಲೆ ಒಂದು ಚೀಟಿ ಅಂಟಿಸಿ ಜೆರಾಕ್ಸ್ ಮಾಡಿಸಿದರೆ ಸಾಕು.